ಪುಟ್ಟಿಯ ಗುಬ್ಬಿ, ಅಪ್ಪನ ಉಸಿರು

14 ಜುಲೈ 2024, ಭಾನುವಾರ ರಾತ್ರಿ

ಮಳೆ ಬಿಟ್ಟಿಲ್ಲ. ಅಪ್ಪನಿಗೆ ಮತ್ತೆ ಉಬ್ಬಸ. ಸಂಜೆಯಿಂದ ದಿಂಬಿಗೆ ಒರಗಿ ಕೂತೇ ಇದ್ದಾರೆ. ಮಲಗಿದರೆ ಎದೆ ಬಿಗಿಯುತ್ತದಂತೆ.

ಪುಟ್ಟಿ ಅವರ ಕಾಲ ಹತ್ತಿರ ಕೂತು ಹಳೇ ನೋಟ್‌ಬುಕ್ಕಿನ ಮೂಲೆಯಲ್ಲಿ ಗುಬ್ಬಿ ಬರೆಯುತ್ತಿದ್ದಳು. ಹಾಳೆಗೊಂದು ಗುಬ್ಬಿ. ರೆಕ್ಕೆ ಮಾತ್ರ ಒಮ್ಮೆ ಚೂರು ಮೇಲೆ, ಒಮ್ಮೆ ಚೂರು ಕೆಳಗೆ. 24 ಹಾಳೆ ಮುಗಿದ ಮೇಲೆ ಹೆಬ್ಬೆರಳಿನಿಂದ ಸರ್ರನೆ ಬಿಟ್ಟಳು. ಗುಬ್ಬಿ ಹಾರಿತು. "ತಾತಾ, ಅನಿಮೇಷನ್!"

"ಅನಿಮೇಷ ಅಂದ್ರೆ ರೆಪ್ಪೆ ಬಡಿಯದೆ ನೋಡೋದು. ಅದರಿಂದಲೇ ಬಂದಿರಬೇಕು, ಅಲ್ವಾ?" ಅಂತ ಅಪ್ಪ ನನ್ನ ಕಡೆ ನೋಡಿದರು.

ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಅದಲ್ಲ. ನಿಘಂಟು ತೆಗೆದು ಓದಿದೆ. ಲ್ಯಾಟಿನ್ನಿನ ಅನಿಮಾ. ಅಂದರೆ ಉಸಿರು, ಜೀವ, ಆತ್ಮ. ಅನಿಮಾರೆ ಅಂದರೆ ಜೀವ ತುಂಬುವುದು. ಇಂಗ್ಲಿಷಿಗೆ ಬಂದ ಮೇಲೂ ಸುಮಾರು 300 ವರ್ಷ ಚಿತ್ರದ ಸುದ್ದಿಯೇ ಇಲ್ಲ. ಜೀವ ತುಂಬುವುದು, ಲವಲವಿಕೆ, ಇವೇ ಅರ್ಥ. ಓಡಾಡುವ ಚಿತ್ರಕ್ಕೆ ಆ ಹೆಸರು ಅಂಟಿದ್ದು 20ನೇ ಶತಮಾನದಲ್ಲಿ.

ಉಸಿರು ಅಂದದ್ದೇ ತಡ, ಅಪ್ಪ ನೆಟ್ಟಗೆ ಕೂತರು. ಅಷ್ಟು ವರ್ಷ ಪಾಠ ಹೇಳಿದ ಮೇಷ್ಟ್ರು. "ಸಂಸ್ಕೃತದಲ್ಲಿ ಅನ್ ಅನ್ನೋ ಧಾತು ಇದೆ ಕಣೋ. ಉಸಿರಾಡು ಅಂತ ಅರ್ಥ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ, ಎಲ್ಲ ಅದರಿಂದಲೇ." ಒಂದೊಂದು ಹೆಸರಿಗೂ ನಿಂತು, ಉಸಿರು ಎಳೆದುಕೊಂಡು ಹೇಳಿದರು. "ಅನಿಲವೂ."

"ಅಡುಗೆ ಅನಿಲಾನಾ ತಾತಾ? ಸಿಲಿಂಡರ್ ಮೇಲೆ ಬರೆದಿರುತ್ತಲ್ಲ!"

"ಅದೇ ಮರಿ. ಅನಿಲ ಅಂದ್ರೆ ಗಾಳಿ."

ಅನ್, ಅನಿಮಾ ಎರಡಕ್ಕೂ ಬೇರು ಒಂದೇ ಅಂತ ನಿಘಂಟಿನಲ್ಲೂ ಇದೆ. ಅನಿಮಾ ಇರುವುದು ಅನಿಮಲ್. ಪ್ರಾಣ ಇರುವುದು ಪ್ರಾಣಿ. ದಿನಾ ಆಡುವ ಮಾತು, ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಮೈ ಜುಂ ಅಂದಿತು.

ಅಪ್ಪನನ್ನು ಅಷ್ಟು ಜಾಸ್ತಿ ಮಾತಾಡಿಸಬಾರದಿತ್ತು. ಕೆಮ್ಮು ಶುರುವಾಯಿತು. ಇನ್ಹೇಲರ್ ಎರಡು ಸಲ ಎಳೆದುಕೊಂಡರು.

ಈಗ ಹನ್ನೊಂದೂವರೆ. ಅಪ್ಪನಿಗೆ ಕೂತಲ್ಲೇ ನಿದ್ದೆ ಹತ್ತಿದೆ. ನೋಟ್‌ಬುಕ್ಕು ದಿಂಬಿನ ಪಕ್ಕದಲ್ಲೇ ಇತ್ತು, ಸುಮ್ನೆ ಬಿಟ್ಟು ನೋಡಿದೆ. ಪುಟ್ಟಿಯ ಇಡೀ ಸಂಜೆಯ 24 ಹಾಳೆ, ಸಿನಿಮಾದಲ್ಲಾದರೆ ಒಂದೇ ಸೆಕೆಂಡು. ನಡುವೆ ಎಲ್ಲೋ ಒಂದು ಹಾಳೆಯಲ್ಲಿ ರೆಕ್ಕೆ ಬರೆಯೋದು ಮರೆತಿದ್ದಾಳೆ. ಅಲ್ಲಿ ಗುಬ್ಬಿ ಗಕ್ಕನೆ ನಿಂತು ಮತ್ತೆ ಹಾರುತ್ತದೆ.

ಅಪ್ಪನ ಉಸಿರೂ ನಡುನಡುವೆ ಹಾಗೇ ನಿಲ್ಲುತ್ತದೆ. ಆಗ ನಾನೂ ಉಸಿರು ಹಿಡಿದು ಎಣಿಸುತ್ತೇನೆ. ಒಂದು, ಎರಡು,