ಹನ್ನೆರಡು ಚಕ್ರ, ಎರಡು ಲೇತ್

ರೈಲು ಎಂಜಿನ್‌ಗಳ ದೊಡ್ಡ ಮಾದರಿ ಕಟ್ಟುವುದು ನನ್ನ ಕೆಲಸ. ಹಿತ್ತಾಳೆ ತಗಡಿನ ಮೈ, ಸ್ಟೀಲ್ ಚಕ್ರ, ಗೇರ್, ಮೋಟಾರ್ ಎಲ್ಲ ಇರುವ, ಹಳಿ ಮೇಲೆ ನಿಜವಾಗಿ ಓಡುವ ಮಾದರಿ. ಕಳೆದ ವರ್ಷ ಡಬ್ಲ್ಯುಎಪಿ-7 ಅನ್ನುವ ಕರೆಂಟ್ ಎಂಜಿನ್‌ನ ಒಂದು ಮಾದರಿ ಕಟ್ಟುವಾಗ ಆದದ್ದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಈ ಎಂಜಿನ್ ನೀವು ನೋಡಿರುತ್ತೀರಿ. ಬಿಳಿ ಮೈ, ಕೆಂಪು ಪಟ್ಟಿ, ಎಷ್ಟೋ ಎಕ್ಸ್‌ಪ್ರೆಸ್ ಗಾಡಿಗಳನ್ನು ಎಳೆಯುವುದು ಇದೇ. ಉದ್ದ 20,562 ಮಿ.ಮೀ. ಅದನ್ನು 1:32 ಅಳತೆಗೆ ಇಳಿಸಿದರೆ ಸುಮಾರು 643 ಮಿ.ಮೀ., ಮೇಜಿನ ಮೇಲೆ ಎರಡಡಿ ದಾಟುತ್ತದೆ. ಕಷ್ಟ ಇರುವುದು ಅದರ ಕೆಳಗೆ. ಈ ಅಳತೆಗೆ ಸಿದ್ಧವಾಗಿ ಬರುವ ಹಳಿಯ ಅಗಲ 45 ಮಿ.ಮೀ., ಅದು ಯುರೋಪಿನ ಸ್ಟ್ಯಾಂಡರ್ಡ್ ಗೇಜ್‌ನ ಲೆಕ್ಕ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಅದನ್ನು 32ರಿಂದ ಭಾಗಿಸಿದರೆ 52.4 ಬರುತ್ತದೆ. 45ರ ಹಳಿಗೇ ಹೊಂದಿಸಿಬಿಡುವವರೂ ಇದ್ದಾರೆ, ಆದರೆ ಎದುರಿನಿಂದ ನೋಡಿದರೆ ದೊಡ್ಡ ಮೈ ಹೊತ್ತು ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ, ನನಗೆ ಅದು ಒಪ್ಪುವುದಿಲ್ಲ. ಹಾಗಾಗಿ ಹಳಿ, ಆಕ್ಸಲ್, ಚಕ್ರ, ಎಲ್ಲವನ್ನೂ ಹೇಳಿ ಮಾಡಿಸಬೇಕು.

ಒಂದೊಂದು ಬೋಗಿಗೆ ಮೂರು ಆಕ್ಸಲ್. (ನಾವು ಮಾತಿನಲ್ಲಿ ಡಬ್ಬಿಯನ್ನೇ ಬೋಗಿ ಅಂತೀವಿ, ಇಲ್ಲಿ ಬೋಗಿ ಅಂದರೆ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು.) ನನ್ನ ಮಾದರಿಯಲ್ಲಿ ಬೋಗಿಗೆ ಒಂದೇ ಮೋಟಾರ್, ಮೂರೂ ಆಕ್ಸಲ್‌ಗಳನ್ನು ಗೇರ್ ಕೂಡಿಸುತ್ತದೆ. ತಿರುವಿನಲ್ಲಿ ಸಿಕ್ಕಿಕೊಳ್ಳದಿರಲಿ ಅಂತ ನಡುವಿನ ಆಕ್ಸಲ್‌ಗೆ ಅಕ್ಕಪಕ್ಕ ಸ್ವಲ್ಪ ಆಡಲು ಜಾಗ ಬಿಟ್ಟಿದ್ದೆ. ಪ್ರತಿ ಆಕ್ಸಲ್ ಮೇಲೂ ಸ್ಪ್ರಿಂಗ್ ಇತ್ತು.

ನಿಜವಾದ ಎಂಜಿನ್‌ನ ಹೊಸ ಚಕ್ರದ ವ್ಯಾಸ 1,092 ಮಿ.ಮೀ., ನನಗೆ ಬೇಕಾದದ್ದು 34.1. ಹನ್ನೆರಡು ಚಕ್ರ. ಪೀಣ್ಯದ ಒಂದು ಲೇತ್ (ಲೋಹವನ್ನು ತಿರುಗಿಸುತ್ತ ಕೆತ್ತುವ ಯಂತ್ರ) ಅಂಗಡಿಗೆ ಡ್ರಾಯಿಂಗ್ ಕೊಟ್ಟೆ. ಎಂಟು ಬಂದವು, ಉಳಿದದ್ದಕ್ಕೆ ಎರಡು ವಾರ ಕಾಯಿರಿ ಅಂದರು. ನನಗೆ ಅವಸರ. ಉಳಿದ ನಾಲ್ಕನ್ನು ಬೇರೆ ಅಂಗಡಿಯಲ್ಲಿ ಮಾಡಿಸಿಬಿಟ್ಟೆ. ನೋಡಲು ಎಲ್ಲವೂ ಒಂದೇ ಥರ ಇದ್ದವು, ಹೊಳೆಯುತ್ತಿದ್ದವು, ಜೋಡಿಸಿದೆ.

ಓಡಿಸಿದಾಗ ಎಂಜಿನ್ ನಡುಗಿತು. ನಿಧಾನವಾಗಿ ಹೋಗುವಾಗ ಜಗ್ಗಿ ಜಗ್ಗಿ ನಡೆಯುತ್ತದೆ, ಹತ್ತು ನಿಮಿಷಕ್ಕೆ ಗೇರ್ ಪೆಟ್ಟಿಗೆ ಬಿಸಿ. ಮೋಟಾರ್ ಸರಿ ಇಲ್ಲ ಅಂದುಕೊಂಡೆ. ಬದಲಿಸಿದೆ. ಗೇರ್ ಬಿಚ್ಚಿ ಮತ್ತೆ ಕೂರಿಸಿದೆ, ಗ್ರೀಸ್ ಬದಲಿಸಿದೆ, ಬ್ಯಾಟರಿ ಪರೀಕ್ಷಿಸಿದೆ. ಹತ್ತು ದಿನ ಹೋಯಿತು. ಹನ್ನೊಂದನೇ ದಿನ ಚಕ್ರಗಳಿಗೆ ವರ್ನಿಯರ್ ಹಿಡಿದು ಅಳೆದೆ. ಎಂಟು ಚಕ್ರ 34.1, ನಾಲ್ಕು 33.8. ಎರಡೂ ಬೋಗಿಗಳ ಕೊನೆಯ ಆಕ್ಸಲ್‌ಗೆ ಒಂದೊಂದು ಜೊತೆ ಸಣ್ಣ ಚಕ್ರ ಹೋಗಿತ್ತು.

0.3 ಮಿ.ಮೀ. ಅಂದರೆ ಏನು ಮಹಾ ಅಂತ ಅನಿಸಬಹುದು. ಅದನ್ನೇ 32ರಿಂದ ಗುಣಿಸಿದರೆ ನಿಜವಾದ ಎಂಜಿನ್‌ನಲ್ಲಿ ಹತ್ತಿರ ಹತ್ತಿರ 10 ಮಿ.ಮೀ. ಗೇರ್ ಮೂರೂ ಆಕ್ಸಲ್‌ಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ, ಆದರೆ ಒಂದು ಸುತ್ತಿಗೆ ಸಣ್ಣ ಚಕ್ರ ಕ್ರಮಿಸುವ ದೂರ ಕಡಿಮೆ, ಹಾಗಾಗಿ ಯಾವುದೋ ಒಂದು ಚಕ್ರ ಜಾರಲೇಬೇಕು. ಭಾರ ಜಾಸ್ತಿ ಇದ್ದಷ್ಟೂ ಅದು ಸುಲಭಕ್ಕೆ ಜಾರದೆ ಗೇರ್ ಮೇಲೆ ಬಲ ಹಾಕುತ್ತದೆ. ನನ್ನ ಎಂಜಿನ್ 5 ಕೆ.ಜಿ. ದಾಟಿತ್ತು.

ಇದು ಮಾದರಿಯಲ್ಲಷ್ಟೇ ಬರುವ ತೊಂದರೆ ಅಲ್ಲ. ಮೊದಲಿನ ಡಬ್ಲ್ಯುಎಪಿ-7ಗಳಲ್ಲಿ ಒಂದು ಬೋಗಿಯ ಮೂರು ಮೋಟಾರ್‌ಗಳಿಗೂ ಒಂದೇ ಇನ್ವರ್ಟರ್‌ನಿಂದ (ಮೋಟಾರ್‌ಗೆ ಬೇಕಾದ ಹಾಗೆ ಕರೆಂಟನ್ನು ಬದಲಿಸಿ ಕೊಡುವ ಸಾಧನ) ಕರೆಂಟ್ ಹೋಗುತ್ತದೆ. ಚಕ್ರದ ಗಾತ್ರ ಬೇರೆಯಾದರೆ ದೊಡ್ಡ ಚಕ್ರದ ಮೋಟಾರ್ ಹೆಚ್ಚು ಹೊರೆ ಹೊರುತ್ತದೆ. ಅದಕ್ಕೇ ಚಕ್ರಗಳ ವ್ಯತ್ಯಾಸಕ್ಕೆ ರೈಲ್ವೆಯಲ್ಲಿ ಮಿತಿ ಇದೆ, ಶೆಡ್ಡಿನ ಪಿಟ್ ಲೇತ್‌ನಲ್ಲಿ ಎಂಜಿನ್ ನಿಂತ ಹಾಗೇ ಚಕ್ರ ಕೆತ್ತಿ ಸಮ ಮಾಡುತ್ತಾರೆ, 1,016 ಮಿ.ಮೀ.ವರೆಗೆ ಸವೆದ ಮೇಲೆ ತೆಗೆದುಹಾಕುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ನನ್ನ ಮೇಜಿಗೂ ಅದು ಅನ್ವಯಿಸುತ್ತದೆ ಅಂತ ಹೊಳೆದಿರಲಿಲ್ಲ.

ನಾಲ್ಕು ಚಕ್ರ ತೆಗೆದುಕೊಂಡು ಎರಡನೇ ಅಂಗಡಿಗೆ ಹೋದೆ. ಟರ್ನರ್ ಡ್ರಾಯಿಂಗ್ ಬಿಡಿಸಿ ತೋರಿಸಿದರು. "ಸಾರ್, 34.1 ಅಂತ ಇದೆ, ಪ್ಲಸ್ ಮೈನಸ್ ಎಷ್ಟು ಅಂತ ನೀವು ಬರೆದೇ ಇಲ್ಲವಲ್ಲ." ಅಂದರೆ ಎಷ್ಟು ಹೆಚ್ಚು ಕಡಿಮೆ ಆದರೂ ನಡೆಯುತ್ತದೆ ಅನ್ನುವ ಮಿತಿ. ಸುಮ್ನೆ ನಿಂತೆ. ಅವರು ಹೇಳಿದ್ದು ಸರಿ. ಆ ಅಳತೆ ಎಷ್ಟು ಮುಖ್ಯ ಅಂತ ನಾನು ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು, ಅವರಿಗೆ ಅದು ದಿನದ ಇಪ್ಪತ್ತು ಜಾಬ್‌ಗಳಲ್ಲಿ ಒಂದು ಅಲ್ವಾ?

ಅದೇ ಟರ್ನರ್ ಹತ್ತಿರ ಹೊಸದಾಗಿ ಹದಿನಾಲ್ಕು ಚಕ್ರ ಮಾಡಿಸಿದೆ. ಹನ್ನೆರಡಕ್ಕೆ ಎರಡು ಹೆಚ್ಚು, ಎಲ್ಲವೂ ಒಂದೇ ಲೇತ್, ಒಂದೇ ಸೆಟ್ಟಿಂಗ್, ಡ್ರಾಯಿಂಗ್‌ನಲ್ಲಿ ±0.02 ಅಂತ ಕೆಂಪು ಇಂಕಿನಲ್ಲಿ. ಅವರೇ ಒಂದೊಂದನ್ನೂ ಮೈಕ್ರೋಮೀಟರ್‌ನಲ್ಲಿ ಅಳೆದು, ಅಳತೆಯನ್ನು ಕವರ್ ಮೇಲೆ ಬರೆದು ಕೊಟ್ಟರು. ಹಳೆಯ ಮೋಟಾರನ್ನೇ ವಾಪಸ್ ಹಾಕಿದೆ. ನಡುಕ ಹೋಯಿತು, ಗೇರ್ ಪೆಟ್ಟಿಗೆ ತಣ್ಣಗಿತ್ತು.

ಈಗ ಡಬ್ಲ್ಯುಎಜಿ-9 ಶುರುವಾಗಿದೆ. ಗೂಡ್ಸ್ ಎಂಜಿನ್, ಗೇರ್ ಅನುಪಾತ ಬೇರೆ, ಬೋಗಿ ಹೆಚ್ಚು ಕಡಿಮೆ ಅದೇ. ಚಕ್ರಗಳು ಮೊನ್ನೆ ಶನಿವಾರ ಸಂಜೆ ಬಂದವು. ಊಟಕ್ಕೆ ಮೊದಲೇ ಹದಿನಾಲ್ಕನ್ನೂ ಅಳೆದೆ. ಒಂದು 34.06 ಇತ್ತು, ಪಕ್ಕಕ್ಕಿಟ್ಟೆ.