ಬಿಲ್ಲು ಐದನೇ ತಾರೀಖಿನೊಳಗೆ

ದಾವಣಗೆರೆ ಮಂಡಿಪೇಟೆ ಹತ್ತಿರ ನನ್ನದೊಂದು ಸಣ್ಣ ಆಫೀಸು. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆ ತುಂಬಾ ಫೈಲು. ಅಂಗಡಿಯವರ ಲೆಕ್ಕ ಬರೆಯುವುದು, ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವುದು ಕೆಲಸ. ಮೊದಲು ಒಬ್ಬ ಆಡಿಟರ್ ಹತ್ತಿರ ಸಂಬಳಕ್ಕಿದ್ದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಊರಿನ ಅಂಗಡಿಯವರೆಲ್ಲ ಕಂಗಾಲಾಗಿ ಓಡಾಡುತ್ತಿದ್ದರು, ಇದೇ ಸರಿಯಾದ ಹೊತ್ತು ಅಂತ ಸ್ವಂತ ಬೋರ್ಡ್ ಹಾಕಿದೆ. "ಇನ್ಮೇಲೆ ನಾನೇ ಓನರ್, ಬೇಕಾದಾಗ ಹೋಗ್ತೀನಿ, ಬೇಕಾದಾಗ ಬರ್ತೀನಿ" ಅಂತ ಮನೆಯಲ್ಲಿ ಹೇಳಿದ್ದೆ. ಹೆಂಡತಿ ಇವತ್ತಿಗೂ ಆ ಮಾತು ಎತ್ತಿ ನಗುತ್ತಾಳೆ.

ಈ ಕೆಲಸದಲ್ಲಿ ಕ್ಯಾಲೆಂಡರೇ ಮೇಲಧಿಕಾರಿ. 7ಕ್ಕೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದಿಟ್ಟ ಟ್ಯಾಕ್ಸು, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಪಟ್ಟಿ. 20ಕ್ಕೆ 3ಬಿ, ಅಂದರೆ ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ದುಡ್ಡು ಕಟ್ಟುವ ರಿಟರ್ನ್. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಟ್ಯಾಕ್ಸ್ ಬಾಕಿ ಇದ್ದರೆ ಅದಕ್ಕೆ ವರ್ಷಕ್ಕೆ 18% ಬಡ್ಡಿ. "ಈ ಇಪ್ಪತ್ತು ಮುಗೀಲಿ, ಆಮೇಲೆ ಎರಡು ದಿನ ಮಲಗೋಣ" ಅಂತ ಅಂದುಕೊಂಡೇ ವರ್ಷಗಳು ಹೋದವು. 2025ರಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತಾರೀಖನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹಾಕಿದರು, ಕೊನೆಗೆ ಇನ್ನೂ ಒಂದು ದಿನ ಕೊಟ್ಟರು. ನನಗೆ ಸುಧಾರಿಸಿಕೊಳ್ಳೋಕೆ ಒಂದೂವರೆ ತಿಂಗಳು ಸಿಕ್ಕಿತು ಅಂದುಕೊಂಡಿರಾ? ಜನ ಒಂದೂವರೆ ತಿಂಗಳು ತಡವಾಗಿ ಬಂದರು, ಅಷ್ಟೇ.

ನನಗೆ ಬುದ್ಧಿ ಬಂದಿದ್ದು ಒಂದು ಸೊನ್ನೆಯಿಂದ.

ಅವತ್ತು 20ನೇ ತಾರೀಖು. ರಾತ್ರಿ ಹನ್ನೊಂದು ದಾಟಿತ್ತು. ಹಾರ್ಡ್‌ವೇರ್ ಅಂಗಡಿಯವರೊಬ್ಬರು ಸಂಜೆ ಏಳಕ್ಕೆ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬಂದು ಟೇಬಲ್ ಮೇಲೆ ಸುರಿದು ಹೋಗಿದ್ದರು. ಅರ್ಧಕ್ಕೆ ಎಣ್ಣೆ ಕಲೆ, ಕೆಲವು ಹಿಂದಿನ ತಿಂಗಳವು. ನನ್ನ ಊಟ ಅಂದರೆ ಪೇಪರ್ ಪೊಟ್ಟಣದ ಮಂಡಕ್ಕಿ, ಎರಡು ಮಿರ್ಚಿ, ನಾಲ್ಕನೆಯದೋ ಐದನೆಯದೋ ಟೀ. ಪೋರ್ಟಲ್‌ನಲ್ಲಿ ಇನ್‌ಪುಟ್ ಕ್ರೆಡಿಟ್, ಅಂದರೆ ಅಂಗಡಿಯವರು ಮಾಲು ಕೊಳ್ಳುವಾಗಲೇ ಕೊಟ್ಟ, ಈಗ ಕಟ್ಟೋದರಲ್ಲಿ ವಜಾ ಆಗುವ ಟ್ಯಾಕ್ಸು, ತಾನಾಗೇ ತುಂಬಿ ಬಂದಿರುತ್ತದೆ, ಆದರೆ ಒಂದೆರಡು ಬಿಲ್ಲು ಕಳೆಯಬೇಕಿತ್ತು, ಹಾಗಾಗಿ ಅಂಕಿ ಅಳಿಸಿ ಕೈಯಲ್ಲೇ ಹೊಡೆದೆ. 1,10,600 ಹೊಡೆಯಬೇಕಾದ ಕಡೆ 11,06,000 ಹೊಡೆದಿದ್ದೆ. ಪೋರ್ಟಲ್ ಪಾಪ ಕೆಂಪು ಬಣ್ಣ ತೋರಿಸಿತು. ನಾನು ಮುಂದಕ್ಕೆ ಒತ್ತಿದೆ. ಒಟಿಪಿ ಹೋಗುವುದು ಪಾರ್ಟಿ, ಅಂದರೆ ಆ ಅಂಗಡಿಯವರ, ಮೊಬೈಲಿಗೆ, ಮಲಗಿದ್ದವರನ್ನು ಫೋನ್ ಮಾಡಿ ಎಬ್ಬಿಸಿ ನಂಬರ್ ಕೇಳಿ ಫೈಲ್ ಮಾಡಿದೆ. ಅವರು ಕಟ್ಟಬೇಕಿದ್ದ ಟ್ಯಾಕ್ಸು ಎರಡು ಲಕ್ಷ ನಲವತ್ತು ಸಾವಿರ. ಇಲ್ಲದ ಕ್ರೆಡಿಟ್ಟಿನಲ್ಲಿ ಎಲ್ಲ ವಜಾ ಆಗಿ ಕಟ್ಟೋದು ಸೊನ್ನೆ ಅಂತ ಬಂತು. ಅದನ್ನು ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ, ನೋಡಿ! ಬೆಳಿಗ್ಗೆ ಹತ್ತು ಗಂಟೆಗೆ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಹಿಡಿಯುತ್ತಿದ್ದೆ.

3ಬಿ ಒಮ್ಮೆ ಫೈಲ್ ಆದರೆ ತಿದ್ದೋಕೆ ಬರುವುದಿಲ್ಲ. ಮುಂದಿನ ತಿಂಗಳ 3ಬಿಯಲ್ಲಿ ಕ್ರೆಡಿಟ್ ವಾಪಸ್ ಮಾಡಿಸಿದೆ. ಬಡ್ಡಿ ಹತ್ತೊಂಬತ್ತು ನೂರು ಚಿಲ್ಲರೆ ನನ್ನ ಜೇಬಿನಿಂದ ಹೋಯಿತು. ಅವರಿಂದ ತಿಂಗಳಿಗೆ ನನಗೆ ಬರುವ ಫೀಸು ಸಾವಿರ ರೂಪಾಯಿ. ಅವರಿಗೂ ಒಂದೇ ಸಲಕ್ಕೆ ಲಕ್ಷದ ಮೇಲೆ ದುಡ್ಡು ಹೊಂದಿಸುವ ಪಾಡಾಯಿತು, ಬೈದರು, ಬೈಯುವಂಥದ್ದೇ.

ಅದೇ ವಾರ ಹಿಂದಲೆ ನೋವು ಅಂತ ಮೆಡಿಕಲ್ ಶಾಪಿನಲ್ಲಿ ಬಿಪಿ ನೋಡಿಸಿದೆ. 160/100. ಡಾಕ್ಟರು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ನಡೀರಿ, ಸರಿಯಾಗಿ ನಿದ್ದೆ ಮಾಡಿ ಅಂದರು. ಎಷ್ಟು ಗಂಟೆ ಕೆಲಸ ಮಾಡ್ತೀರಿ ಅಂತ ಕೇಳಿದರು. ಊರಿನವರ ಲೆಕ್ಕವೆಲ್ಲ ಬಾಯಲ್ಲಿರುವ ನನಗೆ ನನ್ನ ಲೆಕ್ಕ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಒಂದು ಎಕ್ಸೆಲ್ ಶೀಟ್ ಮಾಡಿದೆ. ನನ್ನ ಹೆಸರಿಗೇ ಖಾತೆ. ಬಂದ ಹೊತ್ತು, ಹೋದ ಹೊತ್ತು, ಏನು ಮಾಡುತ್ತಿದ್ದೆ. ಮೂರನೇ ವಾರ 88 ಗಂಟೆ ಬಂತು. ತಿಂಗಳಿಗೆ 330. ಬಾಡಿಗೆ, ಕರೆಂಟು, ಆಫೀಸಿನಲ್ಲಿ ಕೆಲಸಕ್ಕಿರುವ ಹುಡುಗಿಯ ಸಂಬಳ ಕಳೆದು ಉಳಿದಿದ್ದನ್ನು ಗಂಟೆಗೆ ಭಾಗಿಸಿದರೆ 85 ರೂಪಾಯಿ. ಬೆಣ್ಣೆ ದೋಸೆ ತಿಂದು ಟೀ ಕುಡಿದರೆ ಮುಗೀತು. ಇನ್ನೊಂದು ತಮಾಷೆ ಕೇಳಿ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಕೆಲಸದವರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ನಮ್ಮ ಆಫೀಸಿನ ಹುಡುಗಿ ಆರಕ್ಕೆ ಬ್ಯಾಗ್ ಎತ್ತಿಕೊಂಡು ಹೋಗುತ್ತಾಳೆ. ಓನರ್ ಆದ ನನಗೆ ಅಂಥ ಮಿತಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್ಒ) ಸೇರಿ 2021ರಲ್ಲಿ ಕೊಟ್ಟ ಲೆಕ್ಕ ಓದಿದ ಮೇಲಂತೂ ತಮಾಷೆ ಅನ್ನಿಸಲಿಲ್ಲ: ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಮೇಲೆ ದುಡಿಯುವವರಿಗೆ ಸ್ಟ್ರೋಕ್ ಆಗುವ ಅಪಾಯ 35% ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17% ಜಾಸ್ತಿ.

ಆದರೆ ಆ ಶೀಟಿನಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಬೇರೆ. 88ರಲ್ಲಿ 26 ಗಂಟೆ ಮುಂದೆ "ಕಾಯುವುದು" ಅಂತ ಬರೆದಿದ್ದೆ. ಬಿಲ್ಲಿಗೆ ಕಾದಿದ್ದು, ಒಟಿಪಿಗೆ ಕಾದಿದ್ದು, "ಹತ್ತು ನಿಮಿಷ, ಬಂದೆ" ಅಂದವರಿಗೆ ಒಂಬತ್ತೂವರೆ ತನಕ ಕಾದಿದ್ದು. ನಾನು ಕಷ್ಟಪಟ್ಟು ದುಡಿಯುತ್ತಿದ್ದೇನೆ ಅಂತ ಒಳಗೊಳಗೇ ಹೆಮ್ಮೆ ಪಟ್ಟಿದ್ದೆ. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸುಮ್ನೆ ಕೂತಿದ್ದು.

ಹಾಗಾಗಿ ಯೋಗ, ಪ್ರಾಣಾಯಾಮ ಅಂತ ಶುರು ಮಾಡುವ ಬದಲು ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಬಿಲ್ಲು 5ನೇ ತಾರೀಖಿನೊಳಗೆ. ಆಮೇಲೆ ತಂದರೆ ಫೀಸು ಒಂದೂವರೆ ಪಟ್ಟು. ಸಂಜೆ 7ಕ್ಕೆ ಶಟರ್. ಭಾನುವಾರ ರಜೆ. ಹಾಳೆ ಅಂಟಿಸಿದ ದಿನ ರಾತ್ರಿ ನಿದ್ದೆ ಬರಲಿಲ್ಲ, ಎಲ್ಲರೂ ಬಿಟ್ಟು ಹೋದರೆ ಏನು ಗತಿ ಅಂತ. ಮೂರು ಪಾರ್ಟಿ ಹೋದರು. ಅದರಲ್ಲಿ ಇಬ್ಬರು ಫೀಸನ್ನೂ ಬಾಕಿ ಇಟ್ಟಿದ್ದವರು, ಅವರ ಬಗ್ಗೆ ನನಗೆ ದುಃಖವಿಲ್ಲ. ಉಳಿದವರು ಒಂದೆರಡು ಸಲ ಜಾಸ್ತಿ ಫೀಸು ಕೊಟ್ಟು, ಗೊಣಗಿ, ದಾರಿಗೆ ಬಂದರು.

ಈಗ ಎಲ್ಲ ಸರಿಹೋಯಿತು ಅಂತಲ್ಲ. 19, 20ನೇ ತಾರೀಖು ಇವತ್ತಿಗೂ ಒಂಬತ್ತು ಆಗುತ್ತದೆ. ಬಿಪಿ ಮಾತ್ರೆ ನಿಂತಿಲ್ಲ. ಮಿರ್ಚಿ ಬಿಟ್ಟಿದ್ದೇನೆ ಅಂದರೆ ಸುಳ್ಳಾಗುತ್ತದೆ, ಭಾನುವಾರಕ್ಕೆ ಇಳಿಸಿದ್ದೇನೆ. ಮಧ್ಯಾಹ್ನ ಮನೆಗೆ ಹೋಗಿ ರೊಟ್ಟಿ ತಿಂದು ಇಪ್ಪತ್ತು ನಿಮಿಷ ಅಡ್ಡಾಗುತ್ತೇನೆ. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕುತ್ತೇನೆ, ಫೋನ್ ಮನೆಯಲ್ಲೇ ಬಿಟ್ಟು. ಅಲ್ಲೂ ಒಬ್ಬರಲ್ಲ ಒಬ್ಬರು ಸಿಕ್ಕಿ "ಸಾರ್, ನೋಟಿಸ್ ಬಂದೈತಿ" ಅನ್ನುತ್ತಾರೆ. ಆಫೀಸಿಗೆ ಬರ್ರಿ ಅಂತ ಹೇಳಿ ಮುಂದೆ ನಡೆಯುವುದನ್ನು ಕಲಿತಿದ್ದೇನೆ.

ಮೊನ್ನೆ 5ನೇ ತಾರೀಖು, ಸಂಜೆ ಆರೂ ಮುಕ್ಕಾಲು. ಅದೇ ಹಾರ್ಡ್‌ವೇರ್ ಅಂಗಡಿಯವರು ಏದುಸಿರು ಬಿಡುತ್ತಾ ಬಂದು ಅದೇ ಪ್ಲಾಸ್ಟಿಕ್ ಕವರ್ ಟೇಬಲ್ ಮೇಲಿಟ್ಟರು. ಗೋಡೆ ಗಡಿಯಾರ ನೋಡಿ, "ಏನ್ರಿ ಇದು, ಬ್ಯಾಂಕಿಗಿಂತ ಅತ್ಲಾಗಾತು ನಿಮ್ದು" ಅಂದರು. ಕೂತ್ಕೊಳ್ರಿ, ಟೀ ಹೇಳ್ತೀನಿ ಅಂದೆ. "ಬ್ಯಾಡ ಬಿಡ್ರಿ, ಏಳಕ್ಕೆ ಮುಚ್ತೀರಲ್ಲ" ಅಂತ ಹೊರಟೇಬಿಟ್ಟರು. ಕವರ್ ತೆಗೆದು ನೋಡಿದೆ. ಬಿಲ್ಲುಗಳೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಪಿನ್ ಹೊಡೆದಿದ್ದರು. ಎಣ್ಣೆ ಕಲೆ ಮಾತ್ರ ಹಾಗೇ ಇತ್ತು.