ಎಸ್‌ಪಿ ರೋಡಿನಲ್ಲಿ ಅಕ್ಕನ ಮಗಳಿಗೊಂದು ಲ್ಯಾಪ್‌ಟಾಪ್

23 ಆಗಸ್ಟ್ 2025, ಶನಿವಾರ
ಬೆಂಗಳೂರು

ಅಕ್ಕನ ಮಗಳಿಗೆ ಸಿಇಟಿಯಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿದೆ. ಭಾವ 60 ಸಾವಿರ ಕಳಿಸಿ, "ನೀನೇ ನೋಡಿ ಕೊಡಿಸಪ್ಪ" ಅಂದಿದ್ದರು. ಇವತ್ತು ಅವಳನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಬಂದೆ.

ಅವಳಿಗೆ ಮ್ಯಾಕ್‌ಬುಕ್ ಮೇಲೆ ಆಸೆ ಇತ್ತು. ಒಳ್ಳೆಯ ಮಷೀನೇ, ಬ್ಯಾಟರಿಯೂ ಜಾಸ್ತಿ ಬರುತ್ತದೆ. ಆದರೆ ವಿಟಿಯುನಲ್ಲಿ ಮೊದಲ ವರ್ಷವೇ ಸಿಎಇಡಿ ಅನ್ನುವ ವಿಷಯ ಇದೆ, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಬೇಕು. ಅಂಥ ಡ್ರಾಯಿಂಗ್ ಸಾಫ್ಟ್‌ವೇರ್‌ಗಳಾದ ಸಾಲಿಡ್ ಎಡ್ಜ್ ಆಗಲಿ, ಸಾಲಿಡ್‌ವರ್ಕ್ಸ್ ಆಗಲಿ, ಮ್ಯಾಕ್‌ಗೆ ಬರುವುದೇ ಇಲ್ಲ. ಇದನ್ನು ಹೇಳಿದ ಮೇಲೆ "ಹಾಗಾದ್ರೆ ಬೇಡ ಬಿಡಿ ಮಾಮ" ಅಂದಳು.

ಮೊದಲ ಅಂಗಡಿಯಲ್ಲಿ ತೆಳ್ಳಗಿನ ಒಂದು ಲ್ಯಾಪ್‌ಟಾಪ್ ಎದುರಿಗಿಟ್ಟರು. "ರೈಜನ್ 5 ಸರ್, 7000 ಸೀರೀಸ್, ಲೇಟೆಸ್ಟು." ರೈಜನ್ ಅಂದರೆ ಎಎಂಡಿ ಕಂಪನಿಯ ಪ್ರೊಸೆಸರ್ ಚಿಪ್ಪು. ಅದರ ಪೂರ್ತಿ ಹೆಸರು ನೋಡಿದರೆ 7520ಯು. ಈ ಸೀರೀಸಿನಲ್ಲಿ ಗಮನಿಸಬೇಕಾದದ್ದು ಮೂರನೇ ಅಂಕಿ. ಒಳಗಿನ ವಿನ್ಯಾಸ ಯಾವ ಕಾಲದ್ದು ಅಂತ ಹೇಳುವುದು ಅದೇ. 2 ಇದ್ದರೆ ಜೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. 7530ಯು ಜೆನ್ 3, 7640ಎಚ್‌ಎಸ್ ಜೆನ್ 4. ಡಬ್ಬದ ಮೇಲೆ ಮಾತ್ರ ಎಲ್ಲಕ್ಕೂ 7000!

ಅದಕ್ಕಿಂತ ದೊಡ್ಡ ತೊಂದರೆ ರ್ಯಾಮಿನದು. ಇದ್ದದ್ದು 8 ಜಿಬಿ, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು. ಮುಂದೆ ಬೇಕೆಂದರೂ ಹೆಚ್ಚಿಸೋಕಾಗಲ್ಲ. ನೋಟ್ಸ್, ಪಿಡಿಎಫ್, ಎಕ್ಸೆಲ್ ಅಷ್ಟೇ ಆದರೆ ಇದು ಸಾಕು, ಬಿಕಾಂ ಓದುವವರಿಗೆ ಇದನ್ನೇ ಕೊಡಿಸಬಹುದು. ಮೆಕ್ಯಾನಿಕಲ್‌ನಲ್ಲಿ ಮೂರನೇ ವರ್ಷದ ಹೊತ್ತಿಗೆ ನೂರಾರು ಬಿಡಿಭಾಗ ಜೋಡಿಸಿದ ಅಸೆಂಬ್ಲಿ ತೆರೆಯಬೇಕಾಗುತ್ತದೆ, ಭಾಗಗಳು ಭಾರ ತಡೆಯುತ್ತವೆಯಾ ಅಂತ ಲೆಕ್ಕ ಹಾಕುವ ಆನ್ಸಿಸ್ ಸಾಫ್ಟ್‌ವೇರ್ ಓಡಿಸಬೇಕಾಗುತ್ತದೆ. ಆಗ ಹೊಸ ಲ್ಯಾಪ್‌ಟಾಪೇ ಬೇಕಾಗುತ್ತದೆ. ಊರಿಂದ ಸಾಲ ಮಾಡಿಕೊಂಡು ಬಂದ ಅಪ್ಪ ಅಮ್ಮಂದಿರಿಗೆ ಇದನ್ನು ಯಾರಾದರೂ ಕೊಳ್ಳುವ ಮೊದಲೇ ಹೇಳಬೇಕು, ಅಲ್ವಾ?

ಕೊನೆಗೆ ತೆಗೆದುಕೊಂಡದ್ದು ಇಂಟೆಲ್ ಐ5-13420ಎಚ್ ಇರುವುದು. ಹೆಸರಿನ ಕೊನೆಗೆ ಎಚ್ ಇರುವ ಚಿಪ್ಪು ಯು ಇರುವುದಕ್ಕಿಂತ ಜಾಸ್ತಿ ಕರೆಂಟು ಎಳೆಯುತ್ತದೆ, ಚಾರ್ಜರ್ ಕಾಲೇಜಿಗೂ ಒಯ್ಯಬೇಕು. ಆದರೆ ಮಾಡೆಲಿಂಗ್‌ಗೆ ಈ ಶಕ್ತಿ ಬೇಕೇ ಬೇಕು. 8 ಜಿಬಿ ರ್ಯಾಮ್ ಜೊತೆಗೆ ಒಂದು ಸ್ಲಾಟ್ ಖಾಲಿ ಇತ್ತು. ಅಲ್ಲೇ ಇನ್ನೊಂದು 8 ಹಾಕಿಸಿದೆವು. ಎರಡೂ ಒಟ್ಟಿಗೆ ಕೆಲಸ ಮಾಡುವುದರಿಂದ ಚಿಪ್ಪಿನೊಳಗಿನ ಗ್ರಾಫಿಕ್ಸಿಗೂ ಲಾಭ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವುದು ಬಜೆಟ್ ಮೀರುತ್ತಿತ್ತು. ಮೊದಲ ಎರಡು ವರ್ಷಕ್ಕೆ ಅದರ ಅಗತ್ಯವೂ ಇಲ್ಲ.

ಪಕ್ಕದಲ್ಲಿ ಒಬ್ಬ ತಂದೆ, ಮಗ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುತ್ತಿದ್ದರು. ಇಂಟೆಲ್‌ನ ಏಳನೇ ಜನರೇಶನ್ನಿನ ಐ5 ಚಿಪ್ಪಿನದು. ಸುಮ್ನೆ ಇರೋಕಾಗಲಿಲ್ಲ. "ಯಜಮಾನ್ರೇ, ಎಂಟನೇ ಜನರೇಶನ್ ಅಥವಾ ಅದರಿಂದ ಈಚೆಯದು ಕೇಳಿ" ಅಂದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಏಳನೇ ಜನರೇಶನ್ನಿನ ಬಹುಪಾಲು ಚಿಪ್ಪುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ಅವರು ಎಂಟನೇ ಜನರೇಶನ್ನಿನ ಥಿಂಕ್‌ಪ್ಯಾಡ್ ತೆಗೆಸಿ ನೋಡತೊಡಗಿದರು. ಕೀಬೋರ್ಡ್ ಗಟ್ಟಿಮುಟ್ಟಾಗಿತ್ತು.

ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೆವು. ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆದು 16 ಜಿಬಿ ತೋರಿಸುತ್ತಿದೆಯಾ ಅಂತ ಅವಳೇ ನೋಡಿದಳು. ಸಾಲಿಡ್ ಎಡ್ಜ್‌ನ ವಿದ್ಯಾರ್ಥಿ ಆವೃತ್ತಿ ಉಚಿತ, ಈಗ ಡೌನ್‌ಲೋಡ್ ಆಗುತ್ತಿದೆ.